ಆಯ್ಕೆಯಾದ ಗದ್ದೆ

"ಆಪೀಸರ್ ಎಲ್ಲವ್ವ? ಇಂದ್ಗಡೆ ಬತ್ತಾವ್ರಾ?" ಎಂದು ಕೇಳಿದ ನಿಂಗಯ್ಯ, ಗಗನಳ ಹೆಗಲಿನಾಚೆಗೆ ಕತ್ತು ಚಾಚಿ ರಸ್ತೆಯತ್ತ ನೋಡಿದ.

ಅವಳ ಹಿಂದೆ ಯಾರೂ ಇರಲಿಲ್ಲ. ಬೆಳಗಿನ ಬಸ್ಸು ಅವಳೊಬ್ಬಳನ್ನೇ ಗದ್ದೆಬಯಲಿನ ಪಕ್ಕ ಇಳಿಸಿ ಬೆಳಕವಾಡಿ ಕಡೆಗೆ ಹೋಗಿಯಾಗಿತ್ತು. ಒಂದು ಹೆಗಲಿನಲ್ಲಿ ಬ್ಯಾಗು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಹಗ್ಗ, ಕಂಕುಳಲ್ಲಿ ನಾಲ್ಕು ಕಬ್ಬಿಣದ ಗೂಟ, ಕೈಯಲ್ಲಿ ತೂಕದ ಯಂತ್ರ. ಇಪ್ಪತ್ತೆರಡು ವರ್ಷದ ಹುಡುಗಿ ನೋಡಿದವರಿಗೆ ಶಾಮಿಯಾನ ಹಾಕಲು ಬಂದವಳಂತೆ ಕಾಣುತ್ತಿದ್ದಳು.

"ಯಾರೂ ಬರಲ್ಲ ತಾತ. ನಾನೇ ಬರ್ಬೇಕಾಗಿದ್ದವಳು" ಎಂದಳು.

ನಿಂಗಯ್ಯ ಹೆಂಡತಿಯ ಮುಖ ನೋಡಿದ. ಮಂಗಳಮ್ಮ ಗದ್ದೆಯ ಕಡೆ ನೋಡಿದಳು. ಇಬ್ಬರೂ ಬೀಗರ ಮನೆಗೆ ಹೊರಟವರಂತೆ ತಯಾರಾಗಿದ್ದರು. ಅವನು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು, ಬದುವಿನ ತುದಿಗೆ ಎರಡು ಬಾಳೆಕಂದು ನೆಟ್ಟು, ನಡುವೆ ಮಾವಿನಸೊಪ್ಪಿನ ತೋರಣ ಕಟ್ಟಿದ್ದ. ಅವಳ ಮಡಿಲಲ್ಲಿ ಕಜ್ಜಾಯದ ಡಬ್ಬಿ ಇತ್ತು. ಬಾಳೆಲೆಯ ಮೇಲೆ ಒಂದು ಸೇವಂತಿಗೆ ಹಾರ ನೀರು ಚಿಮುಕಿಸಿಕೊಂಡು ಯಾರದೋ ಕೊರಳಿಗಾಗಿ ಕಾಯುತ್ತಿತ್ತು.

ವಿಷಯ ಏನೆಂದು ಗಗನಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ವಾರದ ಹಿಂದೆ ನಿಂಗಯ್ಯನ ಫೋನಿಗೆ ಒಂದು ಮೆಸೇಜು ಬಂದಿತ್ತು: ನಿಮ್ಮ ಸರ್ವೆ ನಂಬರ್ ಆಯ್ಕೆಯಾಗಿದೆ, ಅಧಿಕಾರಿಗಳು ಗುರುವಾರ ಭೇಟಿ ನೀಡುತ್ತಾರೆ. ಟೀ ಅಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದರು. ನಲವತ್ತು ವರ್ಷ ಭತ್ತ ಬೆಳೆದವನನ್ನು ಈವರೆಗೆ ಯಾರೂ ಯಾವುದಕ್ಕೂ ಆಯ್ಕೆ ಮಾಡಿರಲಿಲ್ಲ. ಆಯ್ಕೆ ಎಂದರೆ ಪ್ರಶಸ್ತಿಯಲ್ಲದೆ ಇನ್ನೇನು? ನಿಂಗಯ್ಯ ಊರಿಗೆಲ್ಲ ಹೇಳಿದ. ಬದು ಕೆತ್ತಿಸಿದ. ಕಳೆ ಕೀಳಿಸಿದ. ಕಾಲುದಾರಿಯ ಮುಳ್ಳು ಸವರಿಸಿದ.

ಇದು ಬಹುಮಾನವಲ್ಲ, ಬೆಳೆ ಕಟಾವಿನ ಪರೀಕ್ಷೆ ಎಂದು ಗಗನ ಬಿಡಿಸಿ ಹೇಳಿದಳು. ಪಂಚಾಯಿತಿಗೆ ನಾಲ್ಕು ಗದ್ದೆ. ಯಾವ ನಾಲ್ಕು ಎಂದು ಕಂಪ್ಯೂಟರು ಹೇಳುತ್ತದೆ. ಒಂದೊಂದರಲ್ಲೂ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚೌಕ ಕುಯ್ದು, ಬಡಿದು, ತೂರಿ, ತೂಗಬೇಕು. ನಾಲ್ಕರ ಸರಾಸರಿ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ವಿಮೆ ಕಟ್ಟಿದ ಅಷ್ಟೂ ರೈತರಿಗೆ ಪರಿಹಾರ. ಮೇಲಿದ್ದರೆ ಒಬ್ಬನಿಗೂ ಇಲ್ಲ.

"ಅಂಗಾರೆ ಪ್ರಸಸ್ತಿ ಇಲ್ವಾ?" ಎಂದ ನಿಂಗಯ್ಯ.

"ಇಲ್ಲ ತಾತ."

ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡ, ಅಷ್ಟೆ. ಮಂಗಳಮ್ಮ ಅಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳ ಕೈಗೆ ಹಾರ ಕೊಟ್ಟು, ಮಾರಿಗುಡಿಯಲ್ಲಿ ದೇವರಿಗೆ ಹಾಕಿಬಿಡು ಎಂದಳು. ಆಮೇಲೆ, ಬಂದ ಹುಡುಗಿಯನ್ನು ಬಾಯಿ ಒಣಗಿಸಿ ನಿಲ್ಲಿಸಬಾರದೆಂದು ಡಬ್ಬಿ ತೆಗೆದು ಎರಡು ಕಜ್ಜಾಯ ಕೈಗಿಟ್ಟು, ಏನು ಓದಿದ್ದೀಯೆಂದು ವಿಚಾರಿಸಿದಳು. ಅರ್ಥಶಾಸ್ತ್ರ ಎಂದಳು ಗಗನ.

"ಸಾಸ್ತ್ರನಾ? ಅಂಗಾರೆ ನಮ್ಮ ಮೊಮ್ಮಗ್ಳು ದೀಪಿಕಂಗೆ ಯಾವಾಗ ಗಂಡು ಕೂಡ್ಬತ್ತದೆ, ಒಸಿ ನೋಡೇಳವ್ವ."

ಗಗನಳಿಗೆ ನಗು ಬಂತು. ಇದು ಅವಳಿಗೆ ಹೊಸದಲ್ಲ. ಮಂಡ್ಯದ ಗುತ್ತಲಿನ ಅವಳ ಬೀದಿಯಲ್ಲೂ ಇದೇ ತಮಾಷೆ ನಡೆಯುತ್ತಿತ್ತು. ತಮಾಷೆಯಾದರೂ ವಾಸಿ, ಅದರಲ್ಲಿ ವಿಷವಿಲ್ಲ. ವಿಷ ಇರುತ್ತಿದ್ದದ್ದು ಓದಿದವರ ಮಾತಿನಲ್ಲಿ. ಸೈನ್ಸು ಸಿಗದವರು ಕಾಮರ್ಸಿಗೆ, ಕಾಮರ್ಸೂ ಸಿಗದವರು ಬಿ.ಎ.ಗೆ ಎಂದು ಹೆಂಡ ಸೋಸಿದ ಹಾಗೆ ಮಕ್ಕಳನ್ನು ಸೋಸುವ ಜನ. ಅವಳು ಬೇಕೆಂದೇ ಅರ್ಥಶಾಸ್ತ್ರ ಆರಿಸಿಕೊಂಡಳೆಂದರೆ ಒಬ್ಬನೂ ನಂಬಲಿಲ್ಲ. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ತಾಯಿ ಇಂದ್ರಮ್ಮನನ್ನು ದಾರಿಯಲ್ಲಿ ನಿಲ್ಲಿಸಿ, ಪಾಪ, ಮಗಳಿಗೆ ಬೇರೇನೂ ಸಿಗಲಿಲ್ಲವೇ ಎಂದು ಕೇಳಿದವರಿದ್ದರು. ಪಾಪ ಎನ್ನುವವರ ಬಾಯಿಗೆ ಮಣ್ಣು ಹಾಕಬೇಕು ಎನ್ನಿಸುತ್ತಿತ್ತು ಗಗನಳಿಗೆ. ಮಣ್ಣು ಹಾಕಲಿಲ್ಲ. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ತೊಂಬತ್ತೆರಡು ತೆಗೆದಳು.

ಆ ಪಾಠ ಮಾಡಿದವರು ನಾಗರತ್ನ ಮೇಡಂ. ಮಾದರಿ ಆರಿಸುವ ಅಧ್ಯಾಯ ಬಂದಾಗ ಅವರು ಇಡೀ ತರಗತಿಯನ್ನು ಮೈದಾನಕ್ಕೆ ಕರೆತಂದು, ಕಾಲೇಜಿನ ಹುಡುಗಿಯರ ಸರಾಸರಿ ಎತ್ತರ ಹೇಳಬೇಕು, ಹತ್ತು ಜನರನ್ನು ತಂದು ನಿಲ್ಲಿಸಿ ಎಂದಿದ್ದರು. ಎಲ್ಲರೂ ಹೋಗಿ ತಮ್ಮ ಗೆಳತಿಯರನ್ನೇ ಎಳೆದು ತಂದರು. ಹತ್ತರಲ್ಲಿ ಆರು ಮಂದಿ ವಾಲಿಬಾಲ್ ಟೀಮಿನವರು. ಮೇಡಂ ನಗಲಿಲ್ಲ. ನೀವು ಕೆಟ್ಟವರಲ್ಲ, ಆದರೆ ನಿಮ್ಮ ಕೈ ಆರಿಸಿಕೊಂಡ ಕೂಡಲೇ ಲೆಕ್ಕ ಸುಳ್ಳಾಯಿತು ಎಂದರು. ಗಗನ ಅವತ್ತೇ ಆ ವಿಷಯಕ್ಕೆ ಮನಸೋತಿದ್ದಳು.

ಅವಳ ಗುರಿ ಸ್ಪಷ್ಟವಾಗಿತ್ತು. ಅಂಕಿ ಅಂಶದ ಇಲಾಖೆಯ ಪರೀಕ್ಷೆ ಬರೆದು ಇನ್‌ಸ್ಪೆಕ್ಟರ್ ಆಗಬೇಕು. ಬರೆಯುವುದಕ್ಕೆ ಮೊದಲು ಗದ್ದೆಗಿಳಿದು ಕೆಲಸ ಕಲಿಯಬೇಕು. ಮೂರು ತಿಂಗಳ ಈ ಹಂಗಾಮಿ ಕೆಲಸಕ್ಕೆ ಎಂಬತ್ತು ಜನ ಅರ್ಜಿ ಹಾಕಿದ್ದರು, ಹನ್ನೊಂದು ಜನರನ್ನು ತೆಗೆದುಕೊಂಡಿದ್ದರು. ಇವತ್ತಿನದು ಅವಳ ಮೊದಲ ಗದ್ದೆ. ಕಾಗದದ ಮೇಲೆ ಮೂರು ಸಹಿ ಬೀಳಬೇಕು: ಗದ್ದೆಯವನದು, ವಿಮೆ ಕಂಪನಿಯವನದು, ಅವಳದು. ಒಂದು ತಪ್ಪಿದರೂ ಪರೀಕ್ಷೆ ರದ್ದು. ಮೊದಲ ಗದ್ದೆಯಲ್ಲೇ ತಕರಾರು ತಂದವರನ್ನು ಎರಡನೆಯದಕ್ಕೆ ಕಳಿಸುವುದಿಲ್ಲ ಎಂದು ಮಳವಳ್ಳಿಯ ಆಫೀಸಿನ ಸಾಹೇಬರು ನಿನ್ನೆ ಎರಡು ಸಲ ಹೇಳಿದ್ದರು.

ಅಷ್ಟರಲ್ಲಿ ಊರಿನ ಹತ್ತು ಹನ್ನೆರಡು ಜನ ಬದುವಿನ ಮೇಲೆ ಬಂದು ಸೇರಿದ್ದರು. ಮುಂದೆ ಲಿಂಗರಾಜು. ನಲವತ್ತೈದರ ಆಸುಪಾಸು, ಪಂಚಾಯಿತಿ ಸದಸ್ಯನಾಗಿದ್ದವನು, ಮಾತಿಗೆ ಮುಂದು. ಈ ಸಲ ಆ ಬಯಲಿನ ಅರ್ಧಕ್ಕರ್ಧ ಭತ್ತಕ್ಕೆ ಬೆಂಕಿರೋಗ ಬಿದ್ದಿತ್ತು. ಯಾರ ಗದ್ದೆಯಲ್ಲಿ ನೋಡಿದರೂ ಕತ್ತು ಕಪ್ಪಾದ ತೆನೆಗಳು ಕಾಳಿಲ್ಲದೆ, ಬಾಗದೆ, ನೆಟ್ಟಗೆ ನಿಂತಿದ್ದವು. ಎಲ್ಲರೂ ವಿಮೆ ಕಟ್ಟಿದ್ದರು. ನಿಂಗಯ್ಯನ ಗದ್ದೆಯೇನೂ ಬೇರೆಯಲ್ಲ. ಮೇಲುಗಡೆ, ನಾಲೆಯ ಕಡೆಗಿದ್ದ ಭತ್ತ ಹೊನ್ನಿನ ಬಣ್ಣಕ್ಕೆ ತಿರುಗಿ ತೂಗುತ್ತಿತ್ತು. ಕೆಳಗಡೆ, ನೀರು ಬಸಿದು ನಿಲ್ಲುವ ಕಡೆಗೆ ಬರೀ ಜೊಳ್ಳು.

ಕೊನೆಗೆ ಬಂದದ್ದು ವಿಮೆ ಕಂಪನಿಯ ರಾಜೇಂದ್ರ. ಬೈಕು ನಿಲ್ಲಿಸಿ, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ, ಬೂಟಿಗೆ ಕೆಸರು ತಾಗದ ಹಾಗೆ ಬದುವಿನ ಮೇಲೆ ಜೋಪಾನವಾಗಿ ನಡೆದು ಬಂದ. ತೋರಣ ನೋಡಿದವನೇ ಎಲ್ಲವನ್ನೂ ಅಂದಾಜು ಮಾಡಿಕೊಂಡ. ನೇರವಾಗಿ ನಿಂಗಯ್ಯನ ಹತ್ತಿರ ಹೋಗಿ ಕೈಕುಲುಕಿ, ಮಳವಳ್ಳಿಯಿಂದ ಇಲ್ಲಿಯವರೆಗೆ ಇಂಥ ಬೆಳೆ ನೋಡಲಿಲ್ಲ ಎಂದು ಹೊಗಳಿದ. ನಿಂಗಯ್ಯ ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿಕೊಂಡ.

ಗಗನ ಫೋನು ತೆಗೆದು ಗದ್ದೆಯ ಜಾಗ ಗುರುತು ಮಾಡಿದಳು. ಪರದೆಯ ಮೇಲೆ ಎರಡು ಸಂಖ್ಯೆ ಬಂದವು: ಮೂವತ್ತೇಳು, ಹದಿನಾಲ್ಕು. ನೈಋತ್ಯದ ಮೂಲೆಯಿಂದ ಉದ್ದಕ್ಕೆ ಮೂವತ್ತೇಳು ಹೆಜ್ಜೆ, ಅಲ್ಲಿಂದ ಒಳಕ್ಕೆ ಹದಿನಾಲ್ಕು ಹೆಜ್ಜೆ ಎಂದು ಎಲ್ಲರಿಗೂ ಕೇಳುವಂತೆ ಓದಿದಳು.

"ಕುಬೇರಮೂಲೆಯಿಂದ ಸುರುವಾ? ಅಂಗಾರೆ ಸಾಸ್ತ್ರ ಪ್ರಕಾರನೇ ಐತೆ ಬುಡು" ಎಂದು ಯಾರೋ ಹಿಂದಿನಿಂದ ಅಂದರು. ಬದುವಿನುದ್ದಕ್ಕೂ ನಗು ಹರಡಿತು.

ಅವಳು ಹೆಜ್ಜೆ ಹಾಕತೊಡಗಿದಳು. ಹಿಂದೆ ಇಡೀ ಗುಂಪು ಒಟ್ಟಿಗೆ ಎಣಿಸುತ್ತಿತ್ತು. ಹೆಂಗಸಿನ ಹೆಜ್ಜೆ ಗಿಡ್ಡ, ನನ್ನ ಹೆಜ್ಜೆಯಲ್ಲಿ ಅಳೆಯಿರಿ ಎಂದು ಲಿಂಗರಾಜು ನಡುವೆ ಬಾಯಿ ಹಾಕಿದ. ಕೆಲಸಕ್ಕೆ ಬಂದವರದೇ ಹೆಜ್ಜೆ ಎಂದು ನಿಯಮವಿದೆ ಎಂದಳು, ನಿಲ್ಲದೆ. ಮೂವತ್ತೇಳಕ್ಕೆ ತಿರುಗಿ ಭತ್ತದೊಳಕ್ಕೆ ಇಳಿದಳು. ತೆನೆಗಳನ್ನು ಎರಡೂ ಕೈಯಲ್ಲಿ ಬಿಡಿಸಿಕೊಂಡು ಹದಿನಾಲ್ಕು ಹೆಜ್ಜೆ ಹೋಗಿ ಮೊದಲ ಗೂಟ ನೆಟ್ಟು, ಫೋನಿನಲ್ಲಿ ಅದರ ಫೋಟೋ ತೆಗೆದು ಆಫೀಸಿಗೆ ಕಳಿಸಿದಳು. ಹಗ್ಗ ಎಳೆದು, ಮೂಲೆಯಿಂದ ಮೂಲೆಗೆ ಅಳೆದು, ಉಳಿದ ಮೂರನ್ನೂ ನೆಟ್ಟಾಗ ಬದುವಿನ ಮೇಲಿದ್ದವರು ಕತ್ತು ಚಾಚಿ ನೋಡಿದರು.

ಚೌಕ ಎರಡಕ್ಕೂ ನಡುವೆ ಬಿದ್ದಿತ್ತು. ಮೇಲಿನ ಅರ್ಧದಲ್ಲಿ ಕಾಳು, ಕೆಳಗಿನ ಅರ್ಧದಲ್ಲಿ ಜೊಳ್ಳು. ಅದನ್ನು ನೋಡಿ ಒಬ್ಬನಿಗೂ ಸಂತೋಷವಾಗಲಿಲ್ಲ.

ಮೊದಲು ನಿಂಗಯ್ಯ ಬಂದ. ತಗ್ಗಿದ ದನಿಯಲ್ಲಿ, ಮಗಳಿಗೆ ಹೇಳುವಂತೆ ಹೇಳಿದ. "ಅಲ್ಲಿ ಬ್ಯಾಡ ಕಣವ್ವ. ಮನೆಗೆ ಬಂದೋರ್ನ ಯಾರಾರ ಕೊಟ್ಟಿಗೇಲಿ ಕೂರುಸ್ತಾರಾ? ನಾಕು ಜನ ನೋಡ್ತಾವ್ರೆ. ಮೇಲ್ಗಡೆ ಅಳತೆ ಮಾಡು."

"ಯಜಮಾನ್ರು ಹೇಳೋದು ನ್ಯಾಯವಾಗಿದೆ ಮೇಡಂ" ಎಂದ ರಾಜೇಂದ್ರ. "ಅವರ ಗದ್ದೆ, ಅವರ ಇಷ್ಟ. ಎರಡೇ ಹೆಜ್ಜೆ ಮೇಲಕ್ಕೆ ಸರಿಸಿ, ಎಲ್ಲರಿಗೂ ಸಮಾಧಾನ."

"ಯಾರ್ಗ್ ಸ್ವಾಮಿ ಸಮಾದಾನ?" ಲಿಂಗರಾಜು ಪಂಚೆ ಎತ್ತಿ ಕಟ್ಟಿದ. "ಎರಡೆಜ್ಜೆ ಕೆಳೀಕ್ ಸರ್ಸಿ, ನಮ್ಗೂ ಆಯ್ತದೆ."

ಮೇಲೆ ಎರಡು ಹೆಜ್ಜೆ, ಕೆಳಗೆ ಎರಡು ಹೆಜ್ಜೆ. ಅಷ್ಟರಲ್ಲೇ ಇಡೀ ಪಂಚಾಯಿತಿಯ ಅಂಕಿ ತಿರುಗಿಬೀಳಬಹುದಿತ್ತು, ಅದು ರಾಜೇಂದ್ರನಿಗೆ ಗೊತ್ತಿತ್ತು, ಲಿಂಗರಾಜುವಿಗೂ ಗೊತ್ತಿತ್ತು. ಅದು ತಲೆಗೆ ಹೋಗದಿದ್ದವನು ನಿಂಗಯ್ಯ ಒಬ್ಬನೇ. ಅವನಿಗೆ ಬೇಕಾಗಿದ್ದದ್ದು ತನ್ನ ಬೆಳೆ ಚೆನ್ನಾಗಿ ಕಾಣುವುದು. ಆ ಆಸೆಯನ್ನೇ ಹಗ್ಗ ಮಾಡಿಕೊಂಡು ಊರಿಗೆಲ್ಲ ಬಿಗಿಯಲು ಹೊರಟಿದ್ದ ರಾಜೇಂದ್ರನನ್ನು ಕಂಡು ಗಗನಳ ಕಿವಿ ಬಿಸಿಯಾಯಿತು. ಆದರೆ ಲಿಂಗರಾಜು ಕೇಳುತ್ತಿದ್ದದ್ದೂ ಅದನ್ನೇ. ಊರಿನವರ ಕಷ್ಟ ನಿಜ, ಕಂಪನಿಯದು ಬರೀ ಲಾಭದ ಲೆಕ್ಕ. ಹಾಗಂತ ಗೂಟ ಒಬ್ಬರಿಗೆ ಸರಿದರೆ ಮುಂದಿನ ಗದ್ದೆಯಲ್ಲಿ ಇನ್ನೊಬ್ಬರಿಗೆ ಸರಿಯುತ್ತದೆ.

ಈ ಜಾಗವನ್ನು ಯಾರೂ ಆರಿಸಿದ್ದಲ್ಲ, ತಾನೂ ಅಲ್ಲ, ಆದ್ದರಿಂದ ಸರಿಸುವ ಹಕ್ಕು ಯಾರಿಗೂ ಇಲ್ಲ ಎಂದು ಅವಳು ವಿವರಿಸಿದಳು. ಹೇಳುತ್ತಾ ಹೇಳುತ್ತಾ ಪುಸ್ತಕದ ಪದ ಬಾಯಿಗೆ ಬಂದುಬಿಟ್ಟಿತು. ಇದಕ್ಕೆ ಯಾದೃಚ್ಛಿಕ ಅಂತಾರೆ ಎಂದಳು.

"ಅದ್ಯಾವ ದೇವ್ರು ಮೇಡಂ?" ಎಂದ ಲಿಂಗರಾಜು. "ನಮ್ ಕಡೆ ಗುಡಿ ಇಲ್ವಲ್ಲ."

ಎಲ್ಲರೂ ನಕ್ಕರು. ರಾಜೇಂದ್ರನೂ ನಕ್ಕ. ಗಗನಳಿಗೆ ತಪ್ಪು ತನ್ನದೆಂದು ಗೊತ್ತಾಯಿತು. ಮೂರು ವರ್ಷ ಓದಿದ್ದನ್ನು ಇವರ ಮಾತಿನಲ್ಲಿ ಹೇಳಲಾಗದಿದ್ದರೆ ಓದಿದ್ದು ಯಾತಕ್ಕೆ? ಆಮೇಲೆ ನಿಂಗಯ್ಯನ ಕಡೆ ತಿರುಗಿದಳು.

"ತಾತ, ಅಣ್ಣತಮ್ಮಂದಿರು ಭಾಗ ಆಗುವಾಗ ನಿಮ್ಮೂರಲ್ಲಿ ಚೀಟಿ ಎತ್ತುಸ್ತಾರಲ್ವಾ? ಇದೂ ಅಂಗೇ. ಇದೂ ಚೀಟೀನೆ. ಎತ್ತಿದ್ದು ಕಂಪ್ಯೂಟರು, ಅಷ್ಟೆ."

ಇಷ್ಟು ಹೇಳಿದ್ದಕ್ಕೆ ಬದುವಿನ ಮೇಲೆ ಅಷ್ಟೊಂದು ಮೌನ ಯಾಕೆ ಬಂತೆಂದು ಅವಳಿಗೆ ತಿಳಿಯಲಿಲ್ಲ. ಎಲ್ಲರೂ ನಿಂಗಯ್ಯನನ್ನೇ ನೋಡುತ್ತಿದ್ದರು. ಲಿಂಗರಾಜು ನೆಲ ನೋಡುತ್ತಿದ್ದ.

ಅವಳಿಗೆ ಗೊತ್ತಿಲ್ಲದ ಕತೆ ಆ ಊರಿಗೆಲ್ಲ ಗೊತ್ತಿತ್ತು. ಮೂವತ್ತೆರಡು ವರ್ಷದ ಹಿಂದೆ ನಿಂಗಯ್ಯನ ಮನೆಯಲ್ಲಿ ಭಾಗವಾದಾಗ ಹಿತ್ತಾಳೆ ಚೊಂಬಿನೊಳಗೆ ಮೂರು ಚೀಟಿ ಹಾಕಿ ಕುಲುಕಿದ್ದರು. ಅಣ್ಣನಿಗೆ ನಾಲೆಯ ಬಾಯಿಯ ಗದ್ದೆ, ನಡುವಿನವನಿಗೆ ನಡುವಿನದು. ನಿಂಗಯ್ಯನ ಚೀಟಿಯಲ್ಲಿ ಬಂದದ್ದು ಎತ್ತು ಇಳಿಸಿದರೆ ಹೊಟ್ಟೆಯವರೆಗೆ ಹೂಳುವ ಈ ಜೌಗು. ಮದ್ದೂರು ಕಡೆಯಿಂದ ಅವನ ಮಾವ, ಬಾವಮೈದುನರು ಬಂದು, ಒಪ್ಪಬೇಡ, ಪಂಚಾಯಿತಿ ಸೇರಿಸು ಎಂದರು. ಮಂಗಳಮ್ಮ ಮುನಿದು ತವರಿಗೆ ಹೋಗಿ ಹದಿನೈದು ದಿನ ಕೂತಳು. ಅವನು ಜಗ್ಗಲಿಲ್ಲ. ಮಣ್ಣು ಹೊತ್ತು ಹೊತ್ತು ಆ ಜೌಗನ್ನು ಗದ್ದೆ ಮಾಡಿದ. ಅಂದಿನಿಂದ ಊರಿನಲ್ಲಿ ಯಾರ ಮನೆ ಭಾಗವಾದರೂ ಚೊಂಬು ಹಿಡಿಯಲು ನಿಂಗಯ್ಯನೇ ಬೇಕು. ಮೂರು ವರ್ಷದ ಹಿಂದೆ ಲಿಂಗರಾಜು ಮತ್ತು ಅವನ ತಮ್ಮನ ಭಾಗಕ್ಕೂ ಹಿಡಿದವನು ಅವನೇ. ಅವತ್ತು ಲಿಂಗರಾಜು ಇನ್ನೊಂದು ಸಲ ಕುಲುಕಿ ಎಂದಿದ್ದಕ್ಕೆ ಚೊಂಬನ್ನು ಬೋರಲು ಹಾಕಿ ಎದ್ದು ನಡೆದಿದ್ದ.

"ಈಗ ಏನಂದೀಯೆ?" ಮಂಗಳಮ್ಮ ಬದುವಿನ ಮೇಲಿಂದ ಗಂಡನನ್ನು ಕೇಳಿದಳು. ದನಿಯಲ್ಲಿ ಮೂವತ್ತೆರಡು ವರ್ಷದ ಹಳೇ ಖಾರ ಇತ್ತು. "ಆವತ್ತು ನಾನು ಅತ್ಕಂಡು ವೊಂಟಾಗ ಅಂದ್ಯಲ್ಲ, ಅದ್ನೇ ಅನ್ನು."

ನಿಂಗಯ್ಯ ಚೌಕದ ಸುತ್ತ ಒಂದು ಸುತ್ತು ಬಂದ. ಕೆಳಗಿನ ಅರ್ಧದಿಂದ ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಊದಿದ. ಅಂಗೈಯಲ್ಲಿ ಏನೂ ಉಳಿಯಲಿಲ್ಲ. ಅದನ್ನು ಮುಚ್ಚಿಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಅಂಗೈ ಹಿಡಿದು ನಿಂತ. ಆಮೇಲೆ ಅಂಗಿ ಬಿಚ್ಚಿ ಹೆಂಡತಿಯತ್ತ ಎಸೆದು, ಕೂಲಿಗೆ ಬಂದಿದ್ದವನ ಕೈಯಿಂದ ಕುಡುಗೋಲು ಇಸಿದುಕೊಂಡ.

"ಚೀಟಿ ಎತ್ತಾಯ್ತು. ಇನ್ನ ಯಾರೂ ಬಾಯಾಕಂಗಿಲ್ಲ" ಎಂದ. "ಬಾರವ್ವ, ಎಲ್ಲಿಂದ ಎಲ್ಲೀಗಂಟ ಅಂತ ತೋರ್ಸು."

ಲಿಂಗರಾಜು ಎತ್ತಿ ಕಟ್ಟಿದ್ದ ಪಂಚೆ ಇಳಿಸಿಕೊಂಡ. ಬಾಯಿ ಹಾಕಿದವನು ರಾಜೇಂದ್ರ. ಇಂಥ ಜಾಗಕ್ಕೆ ತಾನು ಸಹಿ ಹಾಕುವುದಿಲ್ಲ, ಪರೀಕ್ಷೆ ರದ್ದಾದರೆ ಯಾರ ಕೆಲಸ ಹೋಗುತ್ತದೋ ನೋಡಿಕೊಳ್ಳಲಿ ಎಂದು ಬೈಕಿನ ಕೀಲಿ ಬೆರಳಿಗೆ ಸುತ್ತಿದ.

ಗಗನ ಬ್ಯಾಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಅವನ ಮುಂದೆ ಹಿಡಿದಳು.

"ಹಾಕ್ಬೇಡಿ ಸಾರ್. ಯಾಕೆ ಹಾಕಲ್ಲ ಅಂತ ಬರ್ಕೊಡಿ. ನಂಬರು ಬಂದ ಜಾಗದಿಂದ ಎರಡು ಹೆಜ್ಜೆ ಸರಿಸು ಅಂದೆ, ಈ ಹುಡುಗಿ ಸರಿಸಲಿಲ್ಲ, ಅದಕ್ಕೆ ಸಹಿ ಹಾಕಲಿಲ್ಲ ಅಂತ. ಇಷ್ಟೇ ಬರೀರಿ. ಮೊದಲ ಗೂಟದ ಫೋಟೋ ಆಗಲೇ ಮೇಲಕ್ಕೆ ಹೋಗಿದೆ, ಅದರ ಜೊತೆಗೆ ಇದನ್ನೂ ಕಳಿಸ್ತೀನಿ."

ಹಾಳೆ ಗಾಳಿಗೆ ಪಟಪಟ ಎಂದಿತು. ರಾಜೇಂದ್ರ ಹಾಳೆ ನೋಡಿದ, ಫೋನು ನೋಡಿದ, ಅಷ್ಟೂ ಜನರನ್ನು ನೋಡಿದ. ಇಂಥ ಹುಡುಗಿಯರು ಹೆದರಿ ಅಳುವುದನ್ನೋ, ಸಾಹೇಬರಿಗೆ ಫೋನು ಮಾಡುವುದನ್ನೋ ಕಂಡು ಅಭ್ಯಾಸವಿದ್ದವನು. ಅವಳು ಹಾಳೆ ಹಿಡಿದೇ ನಿಂತಿದ್ದಳು. ಅವನು ಪೆನ್ನು ಮುಟ್ಟಲಿಲ್ಲ. ಕುಯ್ಯಲಿ, ತೂಕ ನೋಡೋಣ ಎಂದು ಗೊಣಗಿ ಹೊಂಗೆಮರದ ನೆರಳಿಗೆ ಹೋಗಿ ಕೂತ.

ಕುಯ್ಲು ಮುಕ್ಕಾಲು ಗಂಟೆ ಹಿಡಿಯಿತು. ಹಗ್ಗದ ಮೇಲೆ ಬೀಳುತ್ತಿದ್ದ ಬುಡಗಳನ್ನು ಗಗನ ಬಗ್ಗಿ ನೋಡಿ, ಇದು ಒಳಗೆ, ಇದು ಹೊರಗೆ ಎಂದು ಒಂದೊಂದನ್ನೂ ಹೇಳಿದಳು. ನಡುವೆ ಲಿಂಗರಾಜು ಮಾತಾಡುವ ನೆಪದಲ್ಲಿ ಹತ್ತಿರ ಬಂದು ಕೆಳಗಿನ ಗೂಟಕ್ಕೆ ಕಾಲು ತಾಗಿಸಿದ. ಅವಳು ಏನೂ ಅನ್ನದೆ ಗೂಟವನ್ನು ಹಳೆಯ ತೂತಿಗೇ ಇಳಿಸಿ, ಅವನ ಕೈಗೆ ಟೇಪಿನ ಒಂದು ತುದಿ ಕೊಟ್ಟು, ಹಿಡ್ಕೊಳಿ ಅಣ್ಣ, ಇನ್ನೊಂದು ಸಲ ಅಳೆದುಬಿಡೋಣ ಎಂದಳು. ಮುಗಿಯುವವರೆಗೂ ಅವನು ಟೇಪು ಹಿಡಿದುಕೊಂಡೇ ಇರಬೇಕಾಯಿತು.

"ನಿನ್ನ ಕಟ್ಕಳನು ಕೆಟ್ಟ ಕಣಮ್ಮ" ಎಂದ ಕೊನೆಗೆ.

"ಅವನಿಗೂ ಟೇಪು ಹಿಡ್ಯಕ್ಕೆ ಹೇಳ್ತೀನಿ ಬುಡಿ ಅಣ್ಣ" ಎಂದಳು.

ಟಾರ್ಪಾಲಿನ ಮೇಲೆ ಕಂತೆ ಬಡಿದರು. ಮಂಗಳಮ್ಮ ಮೊರದಲ್ಲಿ ತೂರಿದಳು. ಜೊಳ್ಳು ಗಾಳಿಗೆ ಹಾರಿ ಹೊಂಗೆಮರದ ಕಡೆಗೆ ಹೋಗಿ ರಾಜೇಂದ್ರನ ಅಂಗಿಯ ಮೇಲೆ ಕೂತಿತು. ಉಳಿದ ಕಾಳನ್ನು ಚೀಲಕ್ಕೆ ತುಂಬಿ ತೂಗು ಹಾಕಿದಾಗ ಎಲ್ಲರೂ ಬಗ್ಗಿದರು. ಒಂಬತ್ತು ಕೆ.ಜಿ. ಇನ್ನೂರು ಗ್ರಾಂ.

"ಇದು ಎಚ್ಚಾ, ಕಮ್ಮಿನಾ?" ನಿಂಗಯ್ಯ ಕೇಳಿದ.

ಇನ್ನೂ ಮೂರು ಗದ್ದೆ ಬಾಕಿ ಇವೆ, ಅವೂ ಆಗದೆ ಹೆಚ್ಚು ಕಮ್ಮಿ ಹೇಳಲಾಗದು ಎಂದಳು ಗಗನ. ಅವನು ತಲೆಯಾಡಿಸಿ, ಹೆಬ್ಬೆರಳು ಮುಂದೆ ಮಾಡಿದವನು, ನೆನಪಾದಂತೆ ಪೆನ್ನು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ. ರಾಜೇಂದ್ರ ಅಂಗಿ ಕೊಡವಿಕೊಳ್ಳುತ್ತಾ ಬಂದು, ನಿಂತೇ, ಓದದೆ ಸಹಿ ಎಳೆದ. ಮೂರನೆಯದನ್ನು ಗಗನ ಹಾಕಿದಳು. ಫೋನಿಗೆ ಮುಂದಿನ ಗದ್ದೆಯ ವಿವರ ಬರಲು ಐದು ನಿಮಿಷವೂ ಹಿಡಿಯಲಿಲ್ಲ. ನಾಳೆ ಬೆಳಿಗ್ಗೆ ಏಳೂವರೆಗೆ, ಅದೇ ಪಂಚಾಯಿತಿಯ ಪಕ್ಕದೂರು.

ಮಧ್ಯಾಹ್ನದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾಲೆಯ ಏರಿಯ ಮೇಲೆ ಬಸ್ಸು ನಿಧಾನವಾದಾಗ ಇಡೀ ಬಯಲು ಕೆಳಗೆ ಕಂಡಿತು. ನಿಂತ ಭತ್ತದ ನಡುವೆ ಅಚ್ಚುಕಟ್ಟಾದ ಒಂದು ಖಾಲಿ ಚೌಕ. ಅದರೊಳಗೆ ನಿಂಗಯ್ಯ ಕುಕ್ಕರಗಾಲಿನಲ್ಲಿ ಕೂತು, ಉದುರಿದ ತೆನೆಗಳನ್ನು ಹೆಕ್ಕಿ ಟವಲಿಗೆ ಹಾಕಿಕೊಳ್ಳುತ್ತಿದ್ದ. ಅವನಿಂದ ಒಂದು ಮಾರು ದೂರದಲ್ಲಿ ಎರಡು ಬೆಳ್ಳಕ್ಕಿಗಳು ಇಳಿದು, ಅವನು ಮುಂದೆ ಸರಿದಂತೆಲ್ಲ ತಾವೂ ಅಷ್ಟೇ ಮುಂದೆ ಸರಿಯುತ್ತಿದ್ದವು.